ಬರ್ಗರಿಗೆ ಯಾವ ವೈನ್, ಕಂಬ ಯಾರ ಮನೆಯಲ್ಲಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ದ್ರಾಕ್ಷಿ ಚಪ್ಪರ’. ದೇವನಹಳ್ಳಿ ಕಡೆ ತಾತನಿಗೆ ಎರಡು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ಇತ್ತು. ಈಗ ಜಮೀನೂ ಇಲ್ಲ, ತಾತನೂ ಇಲ್ಲ. ಗುಂಪಿನಲ್ಲಿ 31 ಜನ ಇದ್ದೇವೆ. ಕಳೆದ ಭಾನುವಾರ ಅಲ್ಲಿ ನಡೆದ ಜಗಳ ನನ್ನ ಅನ್ನದ ವಿಷಯದ್ದು. ಅದಕ್ಕೇ ಬರೆದಿಡುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಒಂದು ಪಟ್ಟಿಯನ್ನು ಫಾರ್ವರ್ಡ್ ಮಾಡಿದ. ಹತ್ತು ಡಾಲರ್ ಒಳಗಿನ ವೈನ್‌ಗಳು, ಫಾಸ್ಟ್‌ಫುಡ್ ಅಂಗಡಿಯ ಸ್ಯಾಂಡ್‌ವಿಚ್‌ಗಳು, ಯಾವುದಕ್ಕೆ ಯಾವುದು ಎಂಬ ಪಟ್ಟಿ. ಕರಿದ ಕೋಳಿಯದಕ್ಕೆ ಸ್ಪೇನಿನ ನೊರೆ ವೈನ್ ಕಾವಾ, ಮೀನಿನದಕ್ಕೆ ಸಾವಿನ್ಯೋ ಬ್ಲಾಂ, ಖಾರದ್ದಕ್ಕೆ ತುಸು ಸಿಹಿಯಾದ ರೀಸ್ಲಿಂಗ್, ಚೀಸ್ ಬರ್ಗರಿಗೆ ಕೆಂಪು ವೈನ್ ಜಿನ್‌ಫಂಡೆಲ್. ಕೊನೆಯ ಸಾಲು ಹೀಗಿತ್ತು: ‘ಕೆಂಪು ವೈನ್ ಬರ್ಗರಿನ ಕೊಬ್ಬನ್ನು ತೊಳೆದುಬಿಡುತ್ತದೆ, ಹೃದಯಕ್ಕೆ ಒಳ್ಳೆಯದು.’ ಜೊತೆಗೆ ಅಣ್ಣನ ಮಾತು: ‘ಇಲ್ಲಿ 2002ರಲ್ಲೇ ಟ್ರೇಡರ್ ಜೋಸ್ ಅಂಗಡಿಯಲ್ಲಿ ಚಾರ್ಲ್ಸ್ ಶಾ ವೈನ್ 1 ಡಾಲರ್ 99 ಸೆಂಟಿಗೆ ಬಂದಿತ್ತು. ವೈನ್ ಶ್ರೀಮಂತರ ಸ್ವತ್ತು ಎನ್ನುವವರು ಓದಿ.’

ದೊಡ್ಡಪ್ಪ: ಪೂಜೆ ಮುಗಿಸಿ ಮೊಬೈಲ್ ತೆರೆದರೆ ಕಾಣುವುದು ಇದೇ? ಮಕ್ಕಳಿರುವ ಗುಂಪು ಇದು. ನಮ್ಮ ಮನೆತನದಲ್ಲಿ ಯಾರೂ ಹೆಂಡದ ತಂಟೆಗೆ ಹೋದವರಲ್ಲ. ನಿನ್ನನ್ನು ಸಾಲ ಮಾಡಿ ಓದಿಸಿದ್ದು ಇದಕ್ಕಲ್ಲ.

ಭಾವ: ಕೊಬ್ಬು ತೊಳೆಯುತ್ತದೆ ಎನ್ನುವುದಕ್ಕೆ ಆಧಾರ ಏನು? ಪರೀಕ್ಷೆ ಮಾಡಿದವರು ಯಾರು? ಇಲ್ಲದಿದ್ದರೆ ಅಳಿಸಿ.

ಕ್ಯಾಲಿಫೋರ್ನಿಯಾ ಅಣ್ಣ: ತಮಾಷೆಗೆ ಹಾಕಿದ್ದು, ಭಾವ.

ಭಾವ: ಅರಿಶಿನದ ಮಾತ್ರೆಯ ಸುದ್ದಿಯನ್ನೂ ತಮಾಷೆಗೆ ಎಂದಿದ್ದಿರಿ. ಸೋದರತ್ತೆ ಮೂರು ಡಬ್ಬಿ ತರಿಸಿಕೊಂಡರು.

ಸೋದರತ್ತೆ: ನನ್ನ ಸುದ್ದಿ ಯಾಕೆ ಬಂತು? ಎರಡೇ ಡಬ್ಬಿ.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿಯಲ್ಲಿ ಬಂದವರಿಗೆ ವೈನ್ ಸುರಿದು, ರುಚಿ ತಿಳಿಸಿಕೊಡುವುದು ನನ್ನ ಕೆಲಸ, ಐದು ವರ್ಷವಾಯಿತು. ಮದುವೆ ಮನೆಗಳಲ್ಲಿ ನಮ್ಮವರು ‘ಜ್ಯೂಸ್ ಕಂಪನಿಯಲ್ಲಿದ್ದಾಳೆ’ ಎಂದು ಹೇಳಿ ಮಾತು ಬದಲಿಸುತ್ತಾರೆ. ಗೊತ್ತಿರುವ ವಿಷಯವೊಂದು ಕೊನೆಗೂ ಗುಂಪಿಗೆ ಬಂದಿದೆ ಎಂದು ಕಾಲು ಗಂಟೆ ಕೂತು ಬರೆದೆ:

‘ಭಾವ ಕೇಳಿದ್ದು ಸರಿ. ಕೊಬ್ಬು ತೊಳೆಯುವ ಮಾತು ನಿಜವಲ್ಲ. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಕೆಂಪು ವೈನ್ ಕಾರಣವಿರಬಹುದು ಎಂದು 1991ರಲ್ಲಿ ಅಮೆರಿಕದ ಸಿಕ್ಸ್ಟಿ ಮಿನಿಟ್ಸ್ ಟಿವಿ ಕಾರ್ಯಕ್ರಮ ತೋರಿಸಿತು. ನಂಬಿಕೆ ಅಲ್ಲಿಂದ ಮನೆಮನೆಗೆ ಹಬ್ಬಿತು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕುಡಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ.

ಆದರೆ ಪಟ್ಟಿಯ ಉಳಿದ ಭಾಗವನ್ನು ದಯವಿಟ್ಟು ಓದಿ. ಮೆಣಸಿನಕಾಯಿ ಬಜ್ಜಿಗೆ ನಾವು ನಿಂಬೆ ಹಿಂಡುತ್ತೇವೆ, ನಾಲಿಗೆಗೆ ಅಂಟಿದ ಜಿಡ್ಡನ್ನು ಹುಳಿ ಬಿಡಿಸುತ್ತದೆ ಎಂದು. ಕರಿದ ಕೋಳಿಗೆ ಕಾವಾ ಮಾಡುವುದೂ ಅದನ್ನೇ. ಕೆಂಪು ವೈನಿನಲ್ಲಿ ಒಗರಿದೆ, ಬಾಳೆಕಾಯಿ ಕಚ್ಚಿದರೆ ಬಾಯಿ ಹಿಡಿದುಕೊಳ್ಳುವಂಥ ಒಗರು. ಮಾಂಸ, ಚೀಸ್ ಸಿಕ್ಕಿದರೆ ಅದು ಮೆತ್ತಗಾಗುತ್ತದೆ. ಖಾರ ತಿಂದ ಬಾಯಿಗೆ ಆಲ್ಕೊಹಾಲ್ ಇನ್ನಷ್ಟು ಉರಿ ಹಚ್ಚುತ್ತದೆ; ಅದಕ್ಕೇ ಅಲ್ಲಿ ಸಿಹಿಯಾದ, ಕಡಿಮೆ ಆಲ್ಕೊಹಾಲ್ ಇರುವ ರೀಸ್ಲಿಂಗ್. ಪಟ್ಟಿ ಕೆಚಪ್ಪಿನ ಮಾತೆತ್ತಿಲ್ಲ, ಅದೊಂದು ಕೊರತೆ. ಮೈಸೂರು ಪಾಕ್ ತಿಂದು ಕಾಫಿ ಕುಡಿದರೆ ಸಕ್ಕರೆ ಹಾಕುವುದನ್ನೇ ಮರೆತಿದ್ದಾರೆ ಅನ್ನಿಸುತ್ತದಲ್ಲ, ಕೆಚಪ್ ತಿಂದ ಮೇಲೆ ಸಿಹಿಯಿಲ್ಲದ ವೈನ್ ಹಾಗೆಯೇ ಬರೀ ಹುಳಿ ಹುಳಿ.

ಇಲ್ಲಿ ಅಗ್ಗದ ವೈನೇ ಸರಿ. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಬೆಳೆಸಿದ ಸೂಕ್ಷ್ಮ ರುಚಿ ಆ ಉಪ್ಪು, ಸಾಸು, ವಿನೆಗರ್ ಹಾಕಿದ ಸೌತೆಕಾಯಿಯ ಮುಂದೆ ಉಳಿಯುವುದೇ ಇಲ್ಲ.’

ಎರಡು ನಿಮಿಷದಲ್ಲಿ ಉತ್ತರ ಬಂತು.

ಚಿಕ್ಕಪ್ಪ: ಬಜ್ಜಿ ಎಂದ ಕೂಡಲೇ ನೆನಪಾಯಿತು. ದ್ರಾಕ್ಷಿ ಕೊಯ್ಯುವ ದಿನ ಅಮ್ಮ ಚಪ್ಪರದ ಕೆಳಗೇ ಒಲೆ ಹೂಡಿ ಬಜ್ಜಿ ಕರಿಯುತ್ತಿದ್ದರು. ಹಣ್ಣನ್ನು ಹಿಸುಕಿದರೆ ತಿರುಳು ಪುಳಕ್ಕನೆ ಬಾಯಿಗೆ, ಸಿಪ್ಪೆ ಕೈಯಲ್ಲಿ. ಬೆರಳು ಮೂರು ದಿನ ನೀಲಿ. ಆ ವಾಸನೆ ಈಗಿನ ಬೀಜವಿಲ್ಲದ ದ್ರಾಕ್ಷಿಗೆ ಎಲ್ಲಿದೆ?

ಅದಾದ ಮೇಲೆ ಸ್ಯಾಂಡ್‌ವಿಚ್ ಮಾಯವಾಯಿತು. ಒಬ್ಬರು ಬಾವಿ ನೆನೆದರು, ಒಬ್ಬರು ಎತ್ತುಗಳನ್ನು. 2013ರಲ್ಲಿ ನಮ್ಮ ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ, ಅಂದರೆ ಇದು ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದೆ ಎಂದು ನಾನು ಹಾಕಿದ್ದಕ್ಕೆ ಕೈಮುಗಿಯುವ ಚಿತ್ರ ಒಂದು ಬಂತು. ಆ ಹಣ್ಣಿನಿಂದ ಸಿಹಿಯಾದ ಪೋರ್ಟ್ ಬಗೆಯ ವೈನ್ ಮಾಡುತ್ತಾರೆ, ಮೊದಲ ಸಲ ಅದರ ಲೋಟವನ್ನು ಮೂಗಿನ ಹತ್ತಿರ ತಂದಾಗ ತಾತನ ಅಂಗೈ ನೆನಪಾಗಿ ಬಂದವರೆದುರು ಮಾತು ನಿಂತುಹೋಯಿತು ಎಂದೂ ಬರೆದೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನೋವಾಯಿತು.

ದೊಡ್ಡಪ್ಪ: ಪುಟ್ಟಾ, ನಿನ್ನ ಕೆಲಸದ ವಿಷಯ ಇಲ್ಲಿ ಬೇಡ. ಅಪ್ಪ ದ್ರಾಕ್ಷಿ ಬೆಳೆದದ್ದು ಜನ ಹಣ್ಣು ತಿನ್ನಲಿ ಎಂದು.

ಸೋದರತ್ತೆ: ಅಣ್ಣ, ಹಾಗನ್ನಬೇಡ. ಮಳೆಗೆ ಸಿಕ್ಕಿ ಮಾರುಕಟ್ಟೆಯಲ್ಲಿ ಕೇಳುವವರಿಲ್ಲದ ಹಣ್ಣನ್ನು ಒಯ್ಯುತ್ತಿದ್ದದ್ದು ವೈನ್ ಮಾಡುವವರ ಲಾರಿ. ಲೆಕ್ಕ ಬರೆಯುತ್ತಿದ್ದವನು ನೀನೇ. ನಿನ್ನ ಕಾಲೇಜಿನ ಫೀಸೂ ಆ ದುಡ್ಡಿನಲ್ಲೇ ಹೋಯಿತು, ನನ್ನ ಮದುವೆಯ ಸೀರೆಯೂ ಆ ದುಡ್ಡಿನಲ್ಲೇ ಬಂತು.

ಹದಿನೈದು ನಿಮಿಷ ಗುಂಪು ನಿಶ್ಶಬ್ದ. ‘ದೊಡ್ಡಪ್ಪ ಬರೆಯುತ್ತಿದ್ದಾರೆ’ ಎಂದು ಕಾಣಿಸುವುದು, ನಿಲ್ಲುವುದು, ಮತ್ತೆ ಕಾಣಿಸುವುದು.

ದೊಡ್ಡಪ್ಪ: ಹಣ್ಣು ಮಾರಿದ್ದು ಬೇರೆ, ಕುಡಿದದ್ದು ಬೇರೆ.

ಈ ಮಾತು ನನಗೆ ಸರಿ ಎನಿಸಿತು. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ನಿಜವಾದ ವ್ಯತ್ಯಾಸವೇ. ಹಾಗೆಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಬೇರೊಂದು ಬಾಗಿಲು ತೆರೆದರು.

ಚಿಕ್ಕಪ್ಪ: ಮಾರಿದ ಮಾತು ಬಂದದ್ದರಿಂದ ಕೇಳುತ್ತೇನೆ. ವಿಮಾನ ನಿಲ್ದಾಣ ಬರುವ ಮುಂಚೆ ಜಮೀನು ಕೊಟ್ಟೆವು. ಚಪ್ಪರದ ಕಲ್ಲುಕಂಬಗಳನ್ನು ಕೊಟ್ಟಿರಲಿಲ್ಲ. ಅವು ಎಲ್ಲಿ?

ಸೋದರತ್ತೆ: ಇದನ್ನು ನಾನೂ ಕೇಳಬೇಕೆಂದಿದ್ದೆ.

ಭಾವ: ಒಟ್ಟು ಎಷ್ಟು ಇದ್ದವು ಎನ್ನುವುದಕ್ಕೆ ದಾಖಲೆ ಇದೆಯೇ?

ನನ್ನ ಅಮ್ಮ: ದಯವಿಟ್ಟು ಎಲ್ಲರೂ ತಿಂಡಿ ತಿನ್ನಿ.

ಯಾರೂ ತಿಂಡಿಗೆ ಎದ್ದಂತೆ ಕಾಣಲಿಲ್ಲ. ಗೃಹಪ್ರವೇಶದ ದಿನ ಯಾರಿಗೆ ಕುರ್ಚಿ ಹಾಕಲಿಲ್ಲ, ತಾತನ ತಿಥಿಗೆ ಯಾರು ತಡವಾಗಿ ಬಂದರು, ಎಲ್ಲವೂ ಹೊರಬಂದವು. ಅಣ್ಣ ಮೂಲ ಪಟ್ಟಿಯನ್ನು ಅಳಿಸಿಬಿಟ್ಟ. ನಾನು ಅಷ್ಟು ಕಾಳಜಿಯಿಂದ ಬರೆದದ್ದು ಈಗ ಯಾವುದಕ್ಕೆ ಉತ್ತರ ಎಂದೇ ತಿಳಿಯದಂತೆ ಅಲ್ಲಿ ಉಳಿದಿದೆ.

ಸಂಜೆ ಆರಕ್ಕೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಅವರ ಮನೆಯ ಅಂಗಳ, ಸಾಲಾಗಿ ನಿಂತ ಕಲ್ಲುಕಂಬಗಳು, ಮೇಲೆ ಮಲ್ಲಿಗೆ ಬಳ್ಳಿ. ಒಂದು ಕಂಬದಲ್ಲಿ ತಂತಿ ಉಜ್ಜಿ ಉಜ್ಜಿ ಆದ ಗೆರೆ ಫೋಟೋದಲ್ಲೂ ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಬೆರಳಾಡಿಸುತ್ತಿದ್ದ ಗೆರೆ ಅದು.

ದೊಡ್ಡಪ್ಪ: ಹನ್ನೆರಡು ಇವೆ. ಎಣಿಸಿಕೊಳ್ಳಿ.

ಕ್ಯಾಲಿಫೋರ್ನಿಯಾ ಅಣ್ಣ: ಅಪ್ಪ, ಹಿತ್ತಿಲ ಗೋಡೆಯ ಹತ್ತಿರ ಇನ್ನೂ ನಾಲ್ಕು ಇವೆಯಲ್ಲ.