ಎರಡನೆಯ ತರಗತಿಯ ಮಕ್ಕಳಿಂದ ಚಿತ್ತಾರ ಬರೆಸುವುದು ಹೇಗೆ?

ಸಾಗರ (ಈಗ ನ್ಯೂಜೆರ್ಸಿ):
ಎಲ್ಲರಿಗೂ ನಮಸ್ಕಾರ. ರಜೆಗೆಂದು ಸಾಗರದ ತವರುಮನೆಗೆ ಬಂದಿದ್ದೇನೆ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೇಲೆ ಮಗಳ ತರಗತಿಯ 22 ಮಕ್ಕಳಿಗೆ ನಮ್ಮ ಕಡೆಯ ಕಲೆಯೊಂದನ್ನು 40 ನಿಮಿಷಗಳಲ್ಲಿ ಮಾಡಿಸಲು ಒಪ್ಪಿಕೊಂಡಿದ್ದೇನೆ. ನಮ್ಮ ಮಲೆನಾಡಿನ ದೀವರ ಸಮುದಾಯದವರು ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಗೆರೆಗಳಲ್ಲಿ ಬರೆಯುವ ಹಸೆ ಚಿತ್ತಾರವೇ ಆಗಲಿ ಎಂಬುದು ನನ್ನ ಆಸೆ. ಆದರೆ ಹೋದ ವರ್ಷ ಇಂಥದೇ ಕೆಲಸದಲ್ಲಿ, ಅಂದವಾಗಿ ಬರಲೆಂದು ಮುಕ್ಕಾಲು ಪಾಲನ್ನು ನಾನೇ ಮಾಡಿಕೊಟ್ಟಿದ್ದೆ. ಶಾಲೆಯ ಗೋಡೆಯ ಮೇಲೆ ಅದನ್ನು ಕಂಡ ಮಗಳು ‘ಅದು ಅಮ್ಮನದು’ ಎಂದು ಹೇಳಿ ಮುಂದಕ್ಕೆ ನಡೆದುಬಿಟ್ಟಳು. ಆ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ. ಏಳು ವರ್ಷದ ಮಕ್ಕಳು ಪೂರ್ತಿಯಾಗಿ ತಮ್ಮ ಕೈಯಿಂದಲೇ ಮಾಡಲು ಏನು ಉಪಾಯ? ಇಲ್ಲಿಂದ ಕೆಮ್ಮಣ್ಣು ಒಯ್ಯಬಹುದೇ?

ಸೊರಬ (ಈಗ ಲಂಡನ್):
ಅಕ್ಕ, ಅನುಮತಿಪತ್ರವಿಲ್ಲದೆ ಅಮೆರಿಕಕ್ಕೆ ಮಣ್ಣನ್ನು ಒಯ್ಯುವಂತಿಲ್ಲ. ದಪ್ಪ ಕಾಗದಕ್ಕೆ ಕೆಮ್ಮಣ್ಣಿನ ಬಣ್ಣದ ಪೋಸ್ಟರ್ ಬಣ್ಣವನ್ನು ಹಿಂದಿನ ದಿನವೇ ಬಳಿದು ಒಣಗಿಸಿಡಿ; ಅದೇ ದಿನ ಬಳಿದರೆ ಒಣಗುವಷ್ಟರಲ್ಲಿ ನಿಮ್ಮ ಸಮಯವೆಲ್ಲ ಕಳೆದಿರುತ್ತದೆ. ಅಮ್ಮ ಪುಂಡಿ ನಾರಿನ ಕುಂಚದಿಂದ ಎಳೆ ಎಳೆದರೆ ನೂಲು ಹಿಡಿದಂತೆ ನೇರವಾಗಿ ಬರುತ್ತಿತ್ತು, ಆದರೆ ಪುಟ್ಟ ಕೈಗಳಿಗೆ ಅದು ಬಗ್ಗುವುದಿಲ್ಲವಾದ್ದರಿಂದ ಕಿವಿಗೆ ಬಳಸುವ ಹತ್ತಿಕಡ್ಡಿಯೇ ಸಾಕು. ಕಾಗದವನ್ನು ನಾಲ್ಕು ಸಲ ಮಡಿಸಿ ಬಿಡಿಸಿದರೆ ಮಡಿಕೆಯ ಗೆರೆಗಳೇ ಮಕ್ಕಳಿಗೆ ದಾರಿ ತೋರಿಸುತ್ತವೆ. ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿದ ಬಿಳಿ ಮಾತ್ರ ಇರಲಿ. ಹುರಿದ ಅಕ್ಕಿಯ ಕಪ್ಪನ್ನೂ ಗುರುಗೆ ಎಂಬ ಕಾಯಿಯ ಹಳದಿಯನ್ನೂ ತೋರಿಸಿ ಹೇಳಿದರಾಯಿತು. ನಿಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ. ಇನ್ನೊಂದು ಮಾತು, ಇದು ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೂ, ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಬುಟ್ಟಿಗೂ ಬರೆಯುತ್ತ ಬಂದ ಕಲೆ ಎಂಬುದನ್ನು ಮಕ್ಕಳಿಗೆ ತಪ್ಪದೆ ತಿಳಿಸಿ.

ತೀರ್ಥಹಳ್ಳಿ (ಈಗ ಸಿಂಗಪುರ):
ಬುಟ್ಟಿ ಎಂದೊಡನೆ ನಮ್ಮ ಅಜ್ಜಿಯ ನೆನಪಾಯಿತು. ಹುಣ್ಣಿಮೆಗೆ ಮುಂಚೆ ಬುಟ್ಟಿಗೆ ಕೆಮ್ಮಣ್ಣು ಹಚ್ಚಿ, ಜಗಲಿಯಲ್ಲಿ ಒಣಗಲು ಇಟ್ಟು, ಬೆಕ್ಕು ಮುಟ್ಟದಂತೆ ನನ್ನನ್ನು ಕಾವಲಿಗೆ ಕೂರಿಸುತ್ತಿದ್ದರು. ನಾನು ಕಾವಲು ಕಾದೆನೇ ಹೊರತು ಒಂದು ದಿನವೂ ಕುಂಚ ಹಿಡಿಯಲಿಲ್ಲ. ನನ್ನ ಮಗನಿಗೆ ಈಗ 19 ವರ್ಷ, ಅವನಿಗೆ ಕಲಿಸಲು ನನ್ನಲ್ಲಿ ಏನೂ ಉಳಿದಿಲ್ಲ.

ಹೊಸನಗರ (ಈಗ ಟೊರಾಂಟೊ):
ನಾನು ಇಲ್ಲಿಗೆ ಬಂದು 26 ವರ್ಷಗಳಾದವು, ಮೂವರು ಮಕ್ಕಳನ್ನು ಬೆಳೆಸಿದ್ದೇನೆ. ಆ ಅನುಭವದಿಂದಲೇ ಖಂಡಿತವಾಗಿ ಹೇಳುತ್ತೇನೆ, ಮೊದಲು ಅಕ್ಷರ, ಆಮೇಲೆ ಚಿತ್ರ. ನುಡಿ ಬಾರದ ಮಗುವಿಗೆ ಚಿತ್ತಾರವು ಬರೀ ಗೆರೆಯಾಗಿಯೇ ಉಳಿಯುತ್ತದೆ. ನನ್ನ ಮೂವರೂ ಕನ್ನಡ ಓದುತ್ತಾರೆ, ಬರೆಯುತ್ತಾರೆ, ಅಜ್ಜಿಗೆ ಕಾಗದ ಹಾಕುತ್ತಾರೆ. ಮನೆಯಲ್ಲಿ ಊಟದ ಹೊತ್ತಿಗೆ ಇಂಗ್ಲಿಷನ್ನು ನಿಲ್ಲಿಸಿ, ದಿನಕ್ಕೆ ಹತ್ತು ಪದ ಬರೆಸಿ, ಉಳಿದದ್ದು ತಾನಾಗಿ ಬರುತ್ತದೆ.

ಶಿವಮೊಗ್ಗ (ಈಗ ದುಬೈ):
ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮಲ್ಲಿ ವಾರಕ್ಕೊಮ್ಮೆ ಕನ್ನಡ ಪಾಠ ನಡೆಯುತ್ತಿದ್ದರೂ ಪೋಷಕರೇ ಮಕ್ಕಳನ್ನು ಕರೆತರುವುದಿಲ್ಲ.

ಕೊಪ್ಪ (ಈಗ ಮೆಲ್ಬರ್ನ್):
ಒಪ್ಪಲಾರೆ. ನನ್ನ ಮಗಳು ಕನ್ನಡ ಬರೆಯುವುದಿಲ್ಲ, ಆದರೆ ರಂಗೋಲಿಯ ಚುಕ್ಕಿ ಎಣಿಸುತ್ತಲೇ ಕನ್ನಡದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಳು.

ಹೊಸನಗರ (ಈಗ ಟೊರಾಂಟೊ):
ಅಂಕಿ ಎಣಿಸುವುದು ಬೇರೆ, ಓದುವುದು ಬೇರೆ. ತಾಯಿನುಡಿಯ ಪ್ರಶ್ನೆಯನ್ನು ಹೀಗೆ ಹಗುರಾಗಿ ತೆಗೆದುಕೊಂಡದ್ದರಿಂದಲೇ ನಾವು ಒಂದು ತಲೆಮಾರನ್ನು ಕಳೆದುಕೊಂಡಿದ್ದೇವೆ.

ಸಾಗರ (ಈಗ ನ್ಯೂಜೆರ್ಸಿ):
ಹಿರಿಯರ ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ನಿನ್ನೆ ಜಗಲಿಯಲ್ಲಿ ಮಗಳ ಜೊತೆ ಕೂತು ಸೊರಬದ ತಂಗಿ ಹೇಳಿದಂತೆಯೇ ಮಾಡಿಸಿ ನೋಡಿದೆ. ನಾಲ್ಕು ಎಳೆಗಳಲ್ಲಿ ಎರಡು ಸೊಟ್ಟಗಾದವು, ನಾನು ಮುಟ್ಟಲಿಲ್ಲ. ಆದರೆ ಒಣಗಿದ ಮೇಲೆ ಅಕ್ಕಿಯ ಬಿಳಿ ಪುಡಿಪುಡಿಯಾಗಿ ಉದುರುತ್ತಿದೆ. ಅಂಟು ಸೇರಿಸಬೇಕೇ?

ಸೊರಬ (ಈಗ ಲಂಡನ್):
ಮಕ್ಕಳು ಬಳಸುವ ಬಿಳಿ ಅಂಟನ್ನು ಒಂದು ಲೋಟ ಹಿಟ್ಟಿಗೆ ಎರಡು ಚಮಚದಷ್ಟು ಸೇರಿಸಿ ನೋಡಿ ಅಕ್ಕ. ಭೂಮಿ ಹುಣ್ಣಿಮೆ ಆಶ್ವಯುಜದಲ್ಲಿ ಬರುವುದರಿಂದ, ಶಿಕ್ಷಕಿಯನ್ನು ಕೇಳಿ ತರಗತಿಯನ್ನು ಅಕ್ಟೋಬರಿಗೆ ಇಟ್ಟುಕೊಳ್ಳಲು ಆಗುವುದೇ?