ಬಚ್ಚಲಮನಿ ಹೊಸದು ಮಾಡಸೂದು: ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಕೈ ಹಿಡೀಬೇಕು?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ): ನಮಸ್ಕಾರ್ರಿ. ಮ್ಯಾಲಿನ ಮನಿ ಬಚ್ಚಲ 5×7 ಅಡಿ, ಇಪ್ಪತ್ತು ವರ್ಷದ ಹಳೇದು. ಕೆಳಗಿನ ಅಡಗಿಮನಿ ಸ್ಲ್ಯಾಬಿಗೆ ಹಸಿ ಕಲೆ ಬಿದ್ದೈತಿ, ಗಿಲಾವ್ ಉದರಾಕತ್ತೈತಿ. ಕಂತ್ರಾಟುದಾರರು ಒಟ್ಟು 1,80,000 ಅಂದಾಜು ಕೊಟ್ಟಾರ. 2×4 ಅಡಿ ಟೈಲ್ಸ್ 48,000, ಗ್ವಾಡಿಗೆ ತೂಗುವ ಕಮೋಡ್, ರೇನ್ ಶವರ್, ಡೈವರ್ಟರ್ (ನಳಕ್ಕೋ ಶವರಿಗೋ ನೀರು ತಿರುಗಿಸೂ ವಾಲ್ವ್) ಸೇರಿ ಫಿಟ್ಟಿಂಗ್ 62,000, ಗಾಜಿನ ಪಾರ್ಟಿಷನ್ 18,000, ಕೂಲಿ 38,000, ಪೈಪ್ 8,000, ವಾಟರ್‌ಪ್ರೂಫಿಂಗ್ 6,000. ಇದರಾಗ ಎಲ್ಲಿ ಉಳಿಸಬಹುದ್ರಿ?

ಉತ್ತರ (ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ): ಅಂದಾಜು ಪಟ್ಟಿಯನ್ನ ಆಮೇಲೆ ನೋಡೋಣ್ರಿ. ಸೋರುವುದು ಎಲ್ಲಿಂದ ಅಂತ ಮೊದಲು ಹಿಡಿಯಿರಿ, ಇದಕ್ಕೆ ಖರ್ಚೇನೂ ಇಲ್ಲ.

ಒಂದು ದಿನ ಬಚ್ಚಲ ಬಳಸಬೇಡಿ, ಆದರೆ ನಳದ ಲೈನಿನ ವಾಲ್ವ್ ತೆರೆದೇ ಇರಲಿ. ಆಗಲೂ ಕೆಳಗೆ ಹಸಿ ಹೆಚ್ಚಾದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ. ಹೆಚ್ಚಾಗದಿದ್ದರೆ ನೆಲದ ಟ್ರ್ಯಾಪಿಗೆ (ನೀರು ಹೊರಗೆ ಹೋಗುವ ತೂತಿನ ಕೆಳಗಿನ ಬಾಗಿದ ಭಾಗ) ಬಟ್ಟೆ, ಪ್ಲಾಸ್ಟಿಕ್ ತುರುಕಿ ಗಟ್ಟಿ ಮಾಡಿ, ಹೊಸ್ತಿಲಿಗೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ 2 ಇಂಚು ನೀರು ನಿಲ್ಲಿಸಿ. ನಿಮ್ಮ ಅಳತೆಗೆ ಸುಮಾರು 165 ಲೀಟರ್ ಬೇಕು, ನೀರು ಬಿಡುವ ದಿನ ನೋಡಿಕೊಂಡು ಮಾಡಿ. 24 ತಾಸಿನೊಳಗೆ ಕೆಳಗೆ ಹನಿದರೆ ದೋಷ ನೆಲದ್ದು. ಹನಿಯದಿದ್ದರೆ ಟ್ರ್ಯಾಪಿಗೆ ತುರುಕಿದ್ದನ್ನು ತೆಗೆದು ಹತ್ತು ಬಕೆಟ್ ನೀರು ಸುರಿಯಿರಿ. ತುಸು ಹೊತ್ತಿಗೆ ಹಸಿಯಾದರೆ ಟ್ರ್ಯಾಪಿನ ಜಾಯಿಂಟೇ ಸಡಿಲ ಅಂತ ಲೆಕ್ಕ. ಕಮೋಡ್ ಫ್ಲಶ್ ಮಾಡಿ ಬೇರೆಯಾಗಿ ನೋಡಿ.

ಪ್ರಶ್ನೆ ಕೇಳಿದವರು: ಮಾಡಿ ನೋಡಿದೆವ್ರಿ. ಬಳಸದ ದಿನ ಹಸಿ ಹೆಚ್ಚಾಗಲಿಲ್ಲ, ನೀರು ನಿಲ್ಲಿಸಿದಾಗನೂ ಏನೂ ಆಗಲಿಲ್ಲ. ಟ್ರ್ಯಾಪ್ ಬಿಚ್ಚಿ ನೀರು ಸುರಿದ ಅರ್ಧ ತಾಸಿಗೆ ಹನಿಯಾಕ ಹತ್ತಿತು. ಫ್ಲಶ್ ಮಾಡಿದ್ರ ಏನೂ ಇಲ್ಲ.

ಉತ್ತರ (ಎಂಜಿನಿಯರ್): ಹಾಗಾದರೆ ಬರೀ ಸೋರಿಕೆ ನಿಲ್ಲಿಸುವುದಕ್ಕೆ ಪೂರಾ ಬಚ್ಚಲ ಒಡೆಯಬೇಕಾಗಿಲ್ಲ. ಟ್ರ್ಯಾಪಿನ ಸುತ್ತ 2×2 ಅಡಿ ಒಡೆದು ಹೊಸ ಟ್ರ್ಯಾಪ್ ಕೂಡಿಸಿ, ಸಂದಿಗೆ ಕುಗ್ಗದ ಗ್ರೌಟ್ ತುಂಬಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಕೋಟಿಂಗ್ ಹಚ್ಚಿದರೆ ಮುಗಿಯಿತು. ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ನಿಲ್ಲುವಂಥದ್ದೇ ಕೊಳ್ಳಿ. ಅದಕ್ಕಿಂತ ಕಡಿಮೆ ಇದ್ದರೆ ಬೇಸಿಗೆಯಲ್ಲಿ ಬಳಸದೆ ಬಿಟ್ಟಾಗ ಬೇಗ ಒಣಗಿ ನಾತ ಬರುತ್ತದೆ. ಆದರೆ ಇಪ್ಪತ್ತು ವರ್ಷದ ಮನೆ ಅಂದಿದ್ದೀರಿ. ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ತುಕ್ಕು ಹಿಡಿದು ದಾರಿ ಸಣ್ಣಗಾಗಿರುತ್ತದೆ. ಹಾಗಿದ್ದರೆ ಈಗಲೇ ಒಮ್ಮೆ ಒಡೆದು ಎಲ್ಲ ಮುಗಿಸುವುದೇ ಲೇಸು.

ಒಡೆಯುವುದಾದರೆ ನಿಮ್ಮ ಪಟ್ಟಿ ತಲೆಕೆಳಗಾಗಿದೆ. ಮುಂದೆ ಸುತ್ತಿಗೆ ಹಿಡಿಯದೆ ಬದಲಿಸಲು ಬಾರದ ಪೈಪ್, ವಾಟರ್‌ಪ್ರೂಫಿಂಗ್ ಎರಡಕ್ಕೂ ಸೇರಿ 14,000, ಪಾನಾ ಹಿಡಿದು ಬಿಚ್ಚುವಂಥ ಫಿಟ್ಟಿಂಗಿಗೆ 62,000 ಅಂದರೆ ಹೇಗ್ರಿ?

ವಾಟರ್‌ಪ್ರೂಫಿಂಗ್ ಅಂದರೆ ಬರೀ 35 ಚದರ ಅಡಿ ನೆಲವಲ್ಲ. ಸುತ್ತಲ ಗೋಡೆಗೆ 1 ಅಡಿ, ಸ್ನಾನದ ಮೂಲೆಯ ಎರಡೂ ಗೋಡೆಗೆ 3 ಅಡಿ ಅಗಲ, 6 ಅಡಿ ಎತ್ತರ ಸೇರಿದರೆ ಸುಮಾರು 90 ಚದರ ಅಡಿ. ಗೌಂಡಿ 35ರ ಲೆಕ್ಕಕ್ಕೆ ಮಾಲು ತಂದರೆ ಕೊನೆಗೆ ನೀರು ಬೆರೆಸಿ ತೆಳ್ಳಗೆ ಬಳಿಯುತ್ತಾನೆ, ಕೆಡುವುದು ಅಲ್ಲೇ. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಕಲಸಬೇಕು. ನೆಲ, ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಾಗಿಸಿ, ಫೈಬರ್ ಜಾಳಿಗೆ ಅಂಟಿಸಿ, ಮೊದಲ ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಡಬ್ಬಿಯಲ್ಲಿ ಹೇಳಿದಷ್ಟು ದಿನ ಬಿಟ್ಟು, ಟೈಲ್ಸ್ ಹಾಕುವ ಮುಂಚೆ 48 ತಾಸು ನೀರು ನಿಲ್ಲಿಸಿ ಕೆಳಗೆ ನೋಡಿ. ಇದು ಮುಗಿಯುವವರೆಗೆ ಟೈಲ್ಸ್ ಕೆಲಸದ ಮುಂಗಡ ಕೊಡಬೇಡಿ. ಸ್ಲ್ಯಾಬ್ ತಗ್ಗು ಇದ್ದು ಭರ್ತಿ ಮಾಡಿದ್ದರೆ ತಳಕ್ಕೊಮ್ಮೆ, ಭರ್ತಿಯ ಮೇಲೊಮ್ಮೆ ಕೋಟಿಂಗ್ ಬೇಕು.

ಕೆಳಗಿನ ಸ್ಲ್ಯಾಬ್ ಮರೆಯಬೇಡಿ. ಉದುರುವ ಗಿಲಾವ್ ತಟ್ಟಿ ತೆಗೆಯಿರಿ. ಕಬ್ಬಿಣದ ಸಳಿ ಕಂಡರೆ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಗಾರೆಯಿಂದ ಮುಚ್ಚಿ. ಬರೀ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಒಳಗೆ ತುಕ್ಕು ನಿಲ್ಲುವುದಿಲ್ಲ.

ಉತ್ತರ (ಪ್ಲಂಬಿಂಗ್ ಕಂತ್ರಾಟುದಾರರು, ಧಾರವಾಡ): ಸಾಹೇಬ್ರು ಹೇಳಿದ್ದು ಖರೇ ಐತಿ. ಪೈಪಿನ ಬಗ್ಗೆ ನಾ ಹೇಳ್ತೀನ್ರಿ. ಬಿಸಿ, ತಣ್ಣ ಎರಡಕ್ಕೂ ಸಿಪಿವಿಸಿ (ಬಿಸಿನೀರು ತಡಿಯೂ ಪ್ಲಾಸ್ಟಿಕ್) ಪೈಪ್, ಎಸ್‌ಡಿಆರ್ 11 (ದಪ್ಪದ ದರ್ಜೆ) ಹಾಕಸ್ರಿ. ಮುಖ್ಯ ಲೈನ್ ಮುಕ್ಕಾಲು ಇಂಚು, ಪಾಯಿಂಟಿಗೆ ಅರ್ಧ ಇಂಚು, ನಳ ತಿರುವೋ ಜಾಗಾಕ್ಕ ಹಿತ್ತಾಳಿ ಇರೋ ಎಲ್ಬೋ. ಅಲ್ಲಿ ಪ್ಲಾಸ್ಟಿಕ್ ಚೂಡಿ ಹಾಕಿದ್ರ ನಾಳೆ ನಳ ಬದಲಿಸುವಾಗ ಸೀಳತೈತಿ. ಅಂಟು ಒಣಗಾಕ ಒಂದ್ ದಿನ ಬಿಟ್ಟು, ಹ್ಯಾಂಡ್ ಪಂಪ್ ಹಚ್ಚಿ 10 ಕೆಜಿ ಒತ್ತಡದಾಗ ಒಂದ್ ತಾಸು ನೋಡಬೇಕು. ಪಂಪಿನ ಮೀಟರ್ ಮುಳ್ಳು ಇಳಿದ್ರ ಗಿಲಾವ್ ಮಾಡಾಕ ಬಿಡಬ್ಯಾಡ್ರಿ.

ರೇನ್ ಶವರ್ ಬಿಟ್ಟುಬಿಡ್ರಿ. ಟಾಕಿ ತಳಕ್ಕೂ ಶವರಿಗೂ ನಡುವ 10 ಅಡಿ ಇದ್ರ ಬರೂ ಒತ್ತಡ ಬರೇ 0.3 ಬಾರ್. ನಿಮ್ಮ ಮ್ಯಾಲಿನ ಮನಿಗೆ ಅಷ್ಟೂ ಸಿಗಲಿಕ್ಕಿಲ್ಲ. ಪಂಪ್ ಇಲ್ಲದ ಅಗಲ ಶವರಿನಿಂದ ಹನಿ ತೊಟ್ಟಿಕ್ಕತೈತಿ ಅಷ್ಟ. ಸಣ್ಣ ಶವರ್, ಗ್ವಾಡಿ ಮ್ಯಾಲ ಕೂಡೂ ವಾಲ್ ಮಿಕ್ಸರ್ ಸಾಕು. ಡೈವರ್ಟರ್ ಬೇಕೇ ಬೇಕಂದ್ರ ಅದರ ಕಾರ್ಟ್ರಿಡ್ಜ್ (ಒಳಗ ನೀರು ಬಿಡೂ, ತಡಿಯೂ ಬಿಡಿಭಾಗ) ಬೇರೆ ಮಾರೂ ಕಂಪನಿದ ತಗೋರಿ. ಗ್ವಾಡಿಯೊಳಗ ಕೂಡೂ ಬಾಡಿ ಮಾತ್ರ ಅಗ್ಗದ್ದು ಬ್ಯಾಡ.

ತೂಗುವ ಕಮೋಡಿಗೆ ಗ್ವಾಡಿಯೊಳಗ ಸಿಸ್ಟರ್ನ್ (ಫ್ಲಶ್ ಟಾಕಿ), ಫ್ರೇಮ್ ಕೂಡಬೇಕು. ನಾಕೂವರೆ ಇಂಚಿನ ಇಟ್ಟಂಗಿ ಗ್ವಾಡಿ ಕೊರದ್ರ ಏನೂ ಉಳಿಯೂದಿಲ್ಲ. ನೆಲದ್ದೇ ಕೂಡಸ್ರಿ. ಎಸ್ ಟ್ರ್ಯಾಪ್ (ನೆಲದಾಗ ಇಳಿಯೂ ಕಮೋಡ್ ಪೈಪ್) ಇದ್ರ ಗ್ವಾಡಿಯಿಂದ ತೂತಿನ ನಡುವಿಗೆ 9 ಇಂಚೋ 12 ಇಂಚೋ ಅಳದು ಆಮ್ಯಾಲ ಅಂಗಡಿಗೆ ಹೋಗ್ರಿ. ಹಳೇ ಟೈಲ್ಸ್ ತಗದ ಗ್ವಾಡಿಗೆ ಅಳದ್ರ ಹೊಸ ಟೈಲ್ಸ್, ಅಂಟಿನ ದಪ್ಪ ಕಳೀರಿ.

ಪ್ರಶ್ನೆ (ಬೆಟಗೇರಿ, ಗದಗ): ನಮ್ಮದು ಪೂರಾ ಬೋರ್ ನೀರ್ರಿ. ಕರೀ ಮ್ಯಾಟ್ (ಹೊಳಪಿಲ್ಲದ) ನಳ, ಗಾಜಿನ ಪಾರ್ಟಿಷನ್ ಹಾಕಸೂ ವಿಚಾರ ಐತಿ. ಟಿಡಿಎಸ್ ಮೀಟರ್ ಹಿಡದು ನೋಡಿ ಸಾಫ್ಟ್‌ನರ್ (ನೀರಿನ ಗಡಸುತನ ಇಳಿಸೂ ಯಂತ್ರ) ತಗೋಬಹುದ?

ಉತ್ತರ (ಪ್ಲಂಬಿಂಗ್): ಟಿಡಿಎಸ್ ಮೀಟರ್ ಎಲ್ಲಾ ಲವಣ ಕೂಡಿಸಿ ತೋರಸ್ತೈತಿ, ಗಡಸುತನ ಅಲ್ಲ. ಗಡಸುತನದ ಹನಿ ಕಿಟ್ ಬ್ಯಾರೆ ಸಿಗತೈತಿ. ಕುಡಿಯೂ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಇದ್ರ ಸರಿ, ಬ್ಯಾರೆ ನೀರು ಇಲ್ಲದಾಗ 600ರ ತನಕ ನಡೀತೈತಿ. ಅದರ ಮ್ಯಾಲಿದ್ರ ಸಾಫ್ಟ್‌ನರ್ ರೊಕ್ಕ ದಂಡ ಅಲ್ಲ, ಆದ್ರ ಉಪ್ಪು ಹಾಕೂ ಖರ್ಚು ಕಾಯಂ. ಕರೀ ನಳ, ಗಾಜು ಎರಡೂ ಬ್ಯಾಡ್ರಿ. ದಿನಾ ಒರಸದಿದ್ರ ಬಿಳೀ ಕಲೆ ಬೀಳತೈತಿ. ಕ್ರೋಮ್ ಇರಲಿ, ಏರೇಟರ್ (ನಳದ ಬಾಯಾಗಿನ ಜಾಳಗಿ) ಬಿಚ್ಚಿ ವಿನೆಗರಿನ್ಯಾಗ ನೆನೆಹಾಕ್ರಿ. ಗೀಜರಿನ ಆನೋಡ್ ಕಂಬಿ (ಒಳಗಿನ ಟಾಕಿ ತುಕ್ಕು ತಡಿಯೂದು) ವರ್ಷಕ್ಕೊಮ್ಮೆ ತೋರಸ್ರಿ.

ಉತ್ತರ (ಎಂಜಿನಿಯರ್): ಕೇಶ್ವಾಪುರದವರಿಗೆ ಟೈಲ್ಸ್ ಲೆಕ್ಕ. 7 ಅಡಿ ಎತ್ತರಕ್ಕೆ ಗೋಡೆ 168, ಬಾಗಿಲು ಕಳೆದರೆ 150. ನೆಲ 35 ಸೇರಿ 185. ಹತ್ತು ಶೇಕಡಾ ಕತ್ತರಿಸಿದ್ದು, ಒಡೆದದ್ದು ಅಂತ ಸೇರಿಸಿದರೆ ಸುಮಾರು 205 ಚದರ ಅಡಿ. 2×4 ಟೈಲ್ಸ್‌ಗೆ ಇಷ್ಟು ಸಣ್ಣ ಕೋಣೆಯಲ್ಲಿ ಕತ್ತರಿಸಿ ಬಿಸಾಡುವುದೇ ಹೆಚ್ಚು, ನೆಲಕ್ಕೆ ಇಳಿಜಾರೂ ಸರಿ ಕೂಡುವುದಿಲ್ಲ. ನೆಲಕ್ಕೆ 1×1 ಅಡಿಯ ಜಾರದ ಮ್ಯಾಟ್ ಟೈಲ್ಸ್, ಗೋಡೆಗೆ ಸಾದಾ ಸೆರಾಮಿಕ್ ಸಾಕು. ಇಳಿಜಾರು ಅಡಿಗೆ ಒಂದೆಂಟಾಂಶ ಇಂಚು. ವಿಟ್ರಿಫೈಡ್ ಆದರೆ ಸಿಮೆಂಟ್ ರಾಡಿ ಅಲ್ಲ, ಟೈಲ್ ಅಂಟೇ ಬೇಕು, ಯಾಕಂದರೆ ಅದು ನೀರು ಹೀರುವುದಿಲ್ಲ. ನೆಲಕ್ಕೆ, ಸ್ನಾನದ ಮೂಲೆಗೆ ಮಾತ್ರ ಎಪಾಕ್ಸಿ (ನೀರು ಹೀರದ ರಾಳದ) ಗ್ರೌಟ್.

ಗಾಜು ಬಿಟ್ಟರೆ ಉಳಿಯುವ 18,000ದಲ್ಲಿ ವಾಟರ್‌ಪ್ರೂಫಿಂಗ್, ಪೈಪ್ ಎರಡನ್ನೂ ಸರಿಮಾಡಿಸಿ. ಗೀಜರಿಗೆ ಪ್ರತ್ಯೇಕ 4 ಚ.ಮಿ.ಮೀ. ತಾಮ್ರದ ವೈರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್. ಇದು ಅಂದಾಜಿನಲ್ಲಿ ಎಲ್ಲೂ ಇಲ್ಲ, ಬರೆಸಿಕೊಳ್ಳಿ.

ಪ್ರಶ್ನೆ (ಅಣ್ಣಿಗೇರಿ): ಎರಿ ಮಣ್ಣಿನಾಗ ಕೆಳಗಿನ ಬಚ್ಚಲದ ಹೊರಪೈಪ್ ಪದೇ ಪದೇ ಜಾಯಿಂಟ್ ಬಿಡತೈತ್ರಿ.

ಉತ್ತರ (ಪ್ಲಂಬಿಂಗ್): ಬ್ಯಾಸಿಗ್ಯಾಗ ಮಣ್ಣು ಬಿರಿತೈತಿ, ಮಳಿಗಾಲದಾಗ ಉಬ್ಬತೈತಿ, ಪೈಪ್ ಅದರ ಕೂಡ ಎಳೀತೈತಿ. ಕಾಲುವೆ ಅಗಲ ಮಾಡಿ ಪೈಪಿನ ತಳಕ್ಕ, ಸುತ್ತ, ಮ್ಯಾಲ ನಾಕ್ ನಾಕ್ ಇಂಚು ಉಸುಕು ತುಂಬ್ರಿ. ಗ್ವಾಡಿ ದಾಟೂ ಕಡೆ ಪೈಪ್ ಸಿಮೆಂಟಿನ್ಯಾಗ ಬಿಗೀಬ್ಯಾಡ್ರಿ, ದೊಡ್ಡ ತೋಳಿನ್ಯಾಗ (ಅಗಲ ಪೈಪಿನ ತುಂಡು) ಹಾಯಿಸಿ ರಬ್ಬರ್ ರಿಂಗ್ ಜಾಯಿಂಟ್ ಕೊಡಸ್ರಿ.