ಅಪ್‌ಡೇಟ್: ಅಗ್ರಿಮೆಂಟ್ ಮಧ್ಯದಲ್ಲಿ ಬಂದ ಸಿಗರೇಟ್ ರೂಲ್ ಏನಾಯ್ತು ಅಂದ್ರೆ

ಅಗ್ರಿಮೆಂಟ್ ಮಧ್ಯದಲ್ಲಿ ಓನರ್ ಹೊಸ ರೂಲ್ ಹಾಕಬಹುದಾ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿರಬಹುದು. ಬೆಂಗಳೂರಲ್ಲಿ ಬಾಡಿಗೆ ಮನೆ, 11 ತಿಂಗಳ ಅಗ್ರಿಮೆಂಟ್, ಇನ್ನೂ 5 ತಿಂಗಳು ಬಾಕಿ. ಅಷ್ಟರಲ್ಲಿ ಓನರ್ ವಾಟ್ಸಾಪಲ್ಲಿ "ಇನ್ಮೇಲೆ ಮನೆ ಒಳಗೂ ಬಾಲ್ಕನಿಯಲ್ಲೂ ಸಿಗರೇಟ್ ಸೇದುವಂತಿಲ್ಲ, ಸೇದಿದರೆ ಅಡ್ವಾನ್ಸಲ್ಲಿ ಹಿಡಿದುಕೊಳ್ಳುತ್ತೇನೆ" ಅಂತ ಹಾಕಿದ್ದರು.

ನೀವೆಲ್ಲ ಹೇಳಿದ ಹಾಗೆ ಅಗ್ರಿಮೆಂಟ್ ತೆಗೆದು ಓದಿದೆ (ಸಹಿ ಹಾಕುವಾಗ ಓದಿರಲಿಲ್ಲ, ಬೈಯಬೇಡಿ). ಗೋಡೆಗೆ ಮೊಳೆ ಹೊಡೆಯಬಾರದು, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ, ಎಲ್ಲ ಇದೆ. ಸಿಗರೇಟ್ ಬಗ್ಗೆ ಒಂದಕ್ಷರ ಇಲ್ಲ. ಇಬ್ಬರೂ ಸಹಿ ಹಾಕಿದ್ದನ್ನು ಒಬ್ಬರೇ ಮೆಸೇಜ್ ಹಾಕಿ ಬದಲಿಸೋಕಾಗಲ್ಲ, ಅಲ್ವಾ? 2003ರ ತಂಬಾಕು ಕಾಯ್ದೆ ತಡೆಯುವುದೂ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು, ನಮ್ಮ ನಮ್ಮ ಮನೆಯೊಳಗಲ್ಲ. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ಭಾನುವಾರ ಮೇಲಿನ ಮನೆಗೆ, ಓನರ್ ಹತ್ತಿರ ಜಗಳಕ್ಕೇ ಹೋದೆ.

ಆಂಟಿ ಕಾಫಿ ಕೊಟ್ಟರು. ಅಂಕಲ್ ಏನೂ ಮಾತಾಡದೆ ಬೆಡ್‌ರೂಂ ಕಿಟಕಿ ಹತ್ತಿರ ಕರೆದುಕೊಂಡು ಹೋದರು. ಬಗ್ಗಿ ನೋಡಿದರೆ ನೇರ ಕೆಳಗೆ ನನ್ನ ಬಾಲ್ಕನಿ, ಅಲ್ಲಿ ಬೂದಿ ತುಂಬಿದ ನನ್ನ ತೆಂಗಿನ ಚಿಪ್ಪು. ಕಿಟಕಿ ಪಕ್ಕ ಬಾಣಂತನಕ್ಕೆ ಬಂದ ಮಗಳ ಕೂಸು ಮಲಗಿತ್ತು. "ಮೊದಲೇ ಹೇಳಬಹುದಿತ್ತಲ್ಲ ಅಂಕಲ್" ಅಂದೆ. "ನೀನು ಫೋನ್ ಎತ್ತಲ್ವಲ್ಲಪ್ಪಾ" ಅಂದರು. ನಿಜ.

ಬಾಲ್ಕನಿಯಲ್ಲಿ ಸೇದಲ್ಲ, ಟೆರೇಸಿಗೆ ಹೋಗುತ್ತೇನೆ ಅಂದೆ. ಅಡ್ವಾನ್ಸ್ ಮುಟ್ಟಲ್ಲ ಅಂತ ಅವರಿಂದ ವಾಟ್ಸಾಪಲ್ಲೇ ಬರೆಸಿಕೊಂಡೆ, ಅದನ್ನು ಮಾತ್ರ ಬಿಡಲಿಲ್ಲ. ರಿನ್ಯೂ ಮಾಡುವಾಗ ಈ ಕಂಡಿಷನ್ ಸೇರಿಸುತ್ತಾರಂತೆ. ಸೇರಿಸಲಿ, ಆಗ ಒಪ್ಪೋದೋ ಖಾಲಿ ಮಾಡೋದೋ ನನಗೆ ಬಿಟ್ಟದ್ದು. ಸದ್ಯಕ್ಕೆ ಮಳೆ ಬಂದರೆ ಟ್ಯಾಂಕ್ ಕೆಳಗೆ ಬಗ್ಗಿ ನಿಂತು ಸೇದುತ್ತಿದ್ದೇನೆ.